ಸಹಮ್‌ನ ಮೇಜಿನ ಮೇಲೆ ಒಂದು ಐರಿಷ್ ಊರು

ಒಡೆಯನ ಮನೆಯ ಮುಂದಿನ ಮರಗಳನ್ನು ಒಂದೊಂದಾಗಿ, ನೆರಳು ಸಮೇತ ಬರೆದಿದ್ದ ಆ ಹಳೆಯ ಸರ್ವೇಯರ್, ಒಕ್ಕಲುಗಳ ಮನೆಗಳನ್ನು ಬರೀ ಚುಕ್ಕಿ ಇಟ್ಟು ಮುಗಿಸಿದ್ದ. ನಕ್ಷೆಯ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು. ಕಿಟಕಿಯ ಪರದೆ ಎಳೆದಿದ್ದರೂ ಸಹಮ್‌ನ ಬಿಸಿಲು ಅಂಚಿನಿಂದ ಒಳಗೆ ನುಗ್ಗುತ್ತಿತ್ತು. ಮೇಜಿನ ಮೇಲೆ ಮಾತ್ರ ಹೊಳೆ, ಸೇತುವೆ, ಚರ್ಚು, ಹಸಿರು ಹೊಲಗಳಿದ್ದ ಐರ್ಲೆಂಡಿನ ಒಂದು ಪುಟ್ಟ ಊರು.

ನಾನು ಉಡುಪಿ ಕಡೆಯವಳು. ಒಮಾನಿನ ಸಹಮ್‌ನ ಒಂದು ಸಣ್ಣ ಸರ್ವೇ ಕಚೇರಿಯಲ್ಲಿ ನಕ್ಷೆ ತಯಾರಿಸುವುದು ನನ್ನ ಕೆಲಸ. ತೋಟಗಳ ಗಡಿ, ರಸ್ತೆಗಳ ಅಗಲೀಕರಣ, ಹೊಸ ಬಡಾವಣೆಗಳ ನಿವೇಶನ ಇವೇ ನಮ್ಮ ನಿತ್ಯದ ವ್ಯವಹಾರ. ಐರ್ಲೆಂಡಿನ ನಕ್ಷೆಯನ್ನು ಕಳುಹಿಸಿದವರು ಇಲ್ಲಿಂದ ಒಂದು ದಿನದ ದಾರಿಯ ದುಕ್ಮ್‌ನ ರಸ್ತೆ ಕಾಮಗಾರಿಯಲ್ಲಿದ್ದ ಒಬ್ಬ ಇಂಜಿನಿಯರ್. ಆ ರಸ್ತೆಯ ನಕ್ಷೆಗಳನ್ನು ನಾನೇ ಮಾಡಿದ್ದೆ. ನಕ್ಷೆಯಲ್ಲಿದ್ದ ಊರು ಅವರದು. ಅವರು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂರಿಸಿ ಕೊಡಬೇಕು. ಚರ್ಚಿನ ಪಕ್ಕ ಒಂದು ಚುಕ್ಕಿಗೆರೆಯ ಉರುಟು ಸುತ್ತು ಇದೆ, ಕಂಡಿತಾ?"

"ಕಂಡಿತು ಸರ್. ಪಕ್ಕದಲ್ಲಿ ಏನೋ ಬರೆದಿದ್ದಾರೆ."

"ಮಕ್ಕಳ ನೆಲ ಅಂತ ಬರೆದಿದೆ. ದೀಕ್ಷಾಸ್ನಾನ ಆಗುವ ಮೊದಲೇ ತೀರಿಹೋದ ಶಿಶುಗಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಅಂಥವರನ್ನು ಬೇರೆ ಕಡೆ ಹೂಳುತ್ತಿದ್ದರು, ಯಾರಿಗೂ ಹೇಳದೆ. ನಮ್ಮ ಅಜ್ಜಿಯ ಚೊಚ್ಚಲ ಕೂಸೂ ಅಲ್ಲೇ ಇದೆ. ಎಲ್ಲಿ ಅಂತ ಈಗ ಬದುಕಿರುವ ಯಾರಿಗೂ ಗೊತ್ತಿಲ್ಲ. ಹಳೇ ಚರ್ಚಿನ ಬದಿಗೆ ಅಂತ ಮುದುಕಿಯರು ಅನ್ನುತ್ತಿದ್ದರಂತೆ, ಅಷ್ಟೇ."

ಅವಸರಕ್ಕೆ ಕಾರಣವಿತ್ತು. ಒಡೆಯನ ಪಾಳುಬಿದ್ದ ಬಂಗಲೆಯನ್ನು ಯಾರೋ ಕೊಂಡು ಹೋಟೆಲ್ ಮಾಡಲು ಹೊರಟಿದ್ದರು. ಚರ್ಚಿನ ಹಿಂದಿನ ಜಾಗದಲ್ಲಿ ಕಾರು ನಿಲ್ಲಿಸಲು ನೆಲ ಅಗೆಯಬೇಕಿತ್ತು. ಊರಿನ ಸಮಿತಿ ಅದನ್ನು ತಡೆಯಲು ಹೊರಟಿತ್ತು, ವಿಚಾರಣೆಯ ದಿನ ಹತ್ತಿರ ಬರುತ್ತಿತ್ತು. ಮಕ್ಕಳನ್ನು ಹೂತದ್ದು ಅಲ್ಲೇ ಎಂದು ತೋರಿಸುವ ನಕ್ಷೆ ಬೇಕಿತ್ತು.

ನಮ್ಮ ಅರಬಾಬ್, ಎಂದರೆ ಕಚೇರಿಯ ಒಮಾನಿ ಮಾಲೀಕರು, ವಿಷಯ ಕೇಳಿ ತಲೆಯಾಡಿಸಿದರು. "ಕಬರಿನ ಕೆಲಸ ಅಂದರೆ ಬೇಡ ಅನ್ನಬಾರದು. ಮಾಡು. ಆದರೆ ಖರ್ಜೂರದ ತೋಟದ ಪಾಲು ಮೊದಲು ಮುಗಿಸು, ಯಲ್ಲಾ, ಬೇಗ," ಅಂದರು ಹಿಂದಿಯಲ್ಲಿ.

ಆ ಊರಿನ ಹುಟ್ಟಿನ ಕಥೆ ಅಲ್ಲಿ ಎಲ್ಲರೂ ಹೇಳುವಂತೆ ಹೀಗಿತ್ತು. ಮೊದಲು ಅಲ್ಲಿ ಬರೀ ಜೌಗು. ಯುದ್ಧ ಗೆದ್ದವರು ಸೋತವರ ನೆಲ ಕಿತ್ತು ಹಂಚಿದಾಗ ಆ ಸೀಮೆ ಇಂಗ್ಲೆಂಡಿನ ಕಡೆಯ ಒಬ್ಬ ಒಡೆಯನ ಪಾಲಾಯಿತು. ಅವನ ವಂಶದ ಒಬ್ಬ ತನ್ನ ಗೇಟಿನ ಎದುರಿಗೆ ಸಂತೆಯ ಚೌಕ ಹಾಕಿಸಿ, ಅಗಲವಾದ ಬೀದಿ ಎಳೆಸಿ, ಬೀದಿಯ ತುದಿಗೆ ಚರ್ಚು ನಿಲ್ಲಿಸಿ ಊರು ಕಟ್ಟಿಸಿದ. ಸುತ್ತಲ ಹೊಲಗಳ ಒಕ್ಕಲುಗಳು ಒಡೆಯ ಏಳು ಅಂದರೆ ಏಳಬೇಕಾದವರು. ಹಲವು ತಲೆಮಾರುಗಳ ಮೇಲೆ ಕಾನೂನು ಬಂದು, ಸರ್ಕಾರದ ಸಾಲ ಪಡೆದು, ಅವರು ಉಳುತ್ತಿದ್ದ ನೆಲವನ್ನು ತಾವೇ ಕೊಂಡರು. ಹಾಗೆ ಇಂಜಿನಿಯರರ ಮುತ್ತಜ್ಜನಿಗೆ ಬಂದ ಹೊಲವನ್ನು ಈಗ ಅವರ ತಮ್ಮ ನೋಡಿಕೊಳ್ಳುತ್ತಿದ್ದರು. ನನಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಅಜ್ಜ ಚಾಲಗೇಣಿಯವರು, ಧನಿ ಬಿಡು ಅಂದರೆ ಗದ್ದೆ ಬಿಡಬೇಕಾದವರು. ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಗದ್ದೆ ಪಡೆದ ಮನೆಯಲ್ಲಿ ಹುಟ್ಟಿದವಳು ನಾನು.

ಹಳೆಯ ನಕ್ಷೆಯನ್ನು ಕೂರಿಸುವ ಕೆಲಸ ಹೇಳಲು ಸುಲಭ. ಹಳತರಲ್ಲೂ ಇವತ್ತಿನ ಚಿತ್ರದಲ್ಲೂ ಕಾಣುವ, ಜಾಗ ಬಿಟ್ಟು ಕದಲದ ಕೆಲವು ಗುರುತುಗಳನ್ನು ಹಿಡಿಯಬೇಕು. ಇದು ಅದೇ ಎಂದು ಕಂಪ್ಯೂಟರಿಗೆ ಹೇಳಬೇಕು. ಅದು ಇಡೀ ಹಾಳೆಯನ್ನು ಹಿಗ್ಗಿಸಿ ತಿರುಗಿಸಿ ಕೂರಿಸುತ್ತದೆ, ಯಾವ ಗುರುತು ಎಷ್ಟು ತಪ್ಪಿತು ಎಂದೂ ತೋರಿಸುತ್ತದೆ. ಗುರುತುಗಳು ಹೆಚ್ಚಿದ್ದಷ್ಟೂ ನಂಬಿಕೆ ಹೆಚ್ಚು. ನನಗೆ ಮೊದಲ ನೋಟಕ್ಕೆ ಖಚಿತವಾಗಿ ಸಿಕ್ಕಿದ್ದು ಹೊಳೆಯ ಕಲ್ಲಿನ ಸೇತುವೆ, ಬಂಗಲೆಯ ಗೇಟಿನ ಮನೆ, ಚರ್ಚು. ಚೌಕವೂ ಬೀದಿಯೂ ಅದರಲ್ಲಿ ಇರಲೇ ಇಲ್ಲ, ಊರು ಕಟ್ಟುವ ಮೊದಲಿನ ನಕ್ಷೆ ಅದು. ಸಾಲದ್ದಕ್ಕೆ ಹಾಳೆ ಮಡಿಕೆಯಲ್ಲಿ ಹರಿದು ಎರಡಾಗಿ, ಯಾರೋ ಹಿಂದಿನಿಂದ ಬಟ್ಟೆ ಅಂಟಿಸಿದ್ದರು. ಚರ್ಚು ಇದ್ದದ್ದು ಆ ಹರಿದ ತುಂಡಿನಲ್ಲಿ.

ಮೊದಲ ಪೆಟ್ಟು ಅಳತೆಯಿಂದ ಬಿತ್ತು. ನಕ್ಷೆಯ ಕೆಳಗೆ ಪರ್ಚ್ ಎಂಬ ಹಳೆಯ ಮಾನದ ಅಳತೆಪಟ್ಟಿ ಇತ್ತು. ಒಂದು ಪರ್ಚ್ ಎಂದರೆ ಐದೂವರೆ ಗಜ ಎಂದು ನಾನು ಓದಿದ್ದೆ, ಹಾಗೇ ಲೆಕ್ಕ ಹಾಕಿದೆ. ಸೇತುವೆಯ ಮೇಲೆ ಸೇತುವೆ ಇಟ್ಟರೆ ಗೇಟಿನ ಮನೆ ತನ್ನ ಜಾಗಕ್ಕೆ ಬರುವ ಮೊದಲೇ ನಿಂತುಬಿಡುತ್ತಿತ್ತು. ಇಡೀ ಊರು ಐದರಲ್ಲಿ ಒಂದು ಭಾಗದಷ್ಟು ಕುಗ್ಗಿತ್ತು. ಫೋಟೋ ತೆಗೆದವರನ್ನು ಬೈದುಕೊಂಡೆ, ಕಾಗದವನ್ನು ಬೈದುಕೊಂಡೆ, ಕೊನೆಗೆ ಇಂಜಿನಿಯರರಿಗೇ ಫೋನ್ ಮಾಡಿದೆ.

ಅವರು ಸ್ವಲ್ಪ ಯೋಚಿಸಿ, "ನಮ್ಮಪ್ಪ ಹೊಲವನ್ನು ಐರಿಷ್ ಎಕರೆಯಲ್ಲೇ ಹೇಳುತ್ತಿದ್ದರು. ಅದು ಇಂಗ್ಲಿಷ್ ಎಕರೆಗಿಂತ ದೊಡ್ಡದು. ಪರ್ಚ್ ಕೂಡ ಹಾಗೇ ಇರಬಹುದಾ?" ಅಂದರು.

ಹುಡುಕಿದೆ. ಐರಿಷ್ ಪರ್ಚ್ ಏಳು ಗಜ. ಸಂಖ್ಯೆ ತಿದ್ದಿದ ಕೂಡಲೇ ಗೇಟಿನ ಮನೆ ತನ್ನ ಜಾಗಕ್ಕೆ ಹೋಗಿ ಕೂತಿತು. ನನಗೆ ಮೇಜು ತಟ್ಟುವಷ್ಟು ಖುಷಿಯಾಯಿತು.

ಚರ್ಚು ಮಾತ್ರ ಕೂರಲಿಲ್ಲ. ಒಂದು ಫುಟ್‌ಬಾಲ್ ಮೈದಾನದ ಉದ್ದವನ್ನೂ ಮೀರಿ ಆಚೆ ನಿಂತಿತ್ತು. ಹರಿದ ತುಂಡು, ಬಟ್ಟೆ ಅಂಟಿಸುವಾಗ ಜಾರಿರಬೇಕು ಅಂದುಕೊಂಡೆ. ಹಾಳೆಯನ್ನು ರಬ್ಬರಿನಂತೆ ಬಗ್ಗಿಸಿ ಎಲ್ಲ ಗುರುತುಗಳನ್ನೂ ಅವುಗಳ ಜಾಗಕ್ಕೇ ತರುವ ವಿಧಾನವೊಂದಿದೆ. ಅದನ್ನು ಹಾಕಿದೆ. ಚರ್ಚು ಚರ್ಚಿನ ಮೇಲೆ ಬಂತು. ತಪ್ಪು ಸೊನ್ನೆ ಎಂದು ಕಂಪ್ಯೂಟರ್ ತೋರಿಸಿತು. ಮಕ್ಕಳ ನೆಲ ಹೋಗಿ ಬಿದ್ದದ್ದು ನೇರವಾಗಿ ಹೋಟೆಲಿನ ಕಾರು ನಿಲ್ದಾಣದ ನಡುವೆ.

ಆ ಕರಡನ್ನು ಇಂಜಿನಿಯರರಿಗೆ ಕಳಿಸಿದ ಕೂಡಲೇ ಅವರು ಫೋನ್ ಮಾಡಿದರು. "ಸಮಿತಿಯವರಿಗೆ ಇವತ್ತೇ ಹೇಳುತ್ತೇನೆ. ಇಷ್ಟು ಸಾಕು. ಅಂತಿಮ ಪ್ರತಿ ಯಾವಾಗ ಕೊಡುತ್ತೀರಿ?"

"ಸ್ವಲ್ಪ ತಡೆಯಿರಿ ಸರ್. ಇನ್ನೊಮ್ಮೆ ನೋಡಿ ಕೊಡುತ್ತೇನೆ."

ತಡೆಯಿರಿ ಅಂದದ್ದು ನಮ್ಮ ಹಿರಿಯ ಸರ್ವೇಯರರಿಗಾಗಿ. ಮೈಸೂರಿನವರು, ನನಗೆ ಈ ಕೆಲಸ ಕಲಿಸಿದವರು. ಅವರು ನೋಡದೆ ನಾನು ಯಾವ ಅಂತಿಮ ಪ್ರತಿಯನ್ನೂ ಕಳಿಸುವುದಿಲ್ಲ. ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ತಪ್ಪು ಸೊನ್ನೆನಾ? ಏನಮ್ಮಾ, ಇಷ್ಟು ಹಳೇ ನಕ್ಷೆಗೆ ಸೊನ್ನೆ ಬಂದ್ರೆ ನಂಗೆ ಭಯ ಆಗುತ್ತೆ ಕಣಮ್ಮ. ಇರೋದು ಮೂರು ಪಾಯಿಂಟು. ಬಗ್ಗಿಸಿದ್ರೆ ಬಗ್ಗೇ ಬಗ್ಗುತ್ತೆ. ಅದು ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?"

"ಚರ್ಚು ಉಂಟಲ್ಲ ಸರ್, ಅದಕ್ಕಿಂತ ದೊಡ್ಡ ಸಾಕ್ಷಿ ಎಂತ ಬೇಕು? ಕಲ್ಲಿನ ಕಟ್ಟಡ. ಎಲ್ಲಿಗೆ ಹೋಗ್ತದೆ ಅದು?"

"ಇನ್ನೂ ಪಾಯಿಂಟ್ ಹುಡುಕು," ಅಂದರು ಅಷ್ಟೇ.

ಅವರ ಮೇಲೆ ಸಿಟ್ಟು ಬಂತು. ಹುಡುಕುವ ಮೊದಲು ಅರಬಾಬ್ ಹೇಳಿದ್ದ ತೋಟದ ಪಾಲು ಬಾಕಿ ಇತ್ತು. ಸಹಮ್‌ನ ಹೊರಗೆ, ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಿದ್ದ ಒಂದು ಖರ್ಜೂರದ ತೋಟ. ಅವರ ತಂದೆ ಕೈಯಲ್ಲಿ ಬರೆದಿಟ್ಟ ಚಿತ್ರದಲ್ಲಿ ಎಲ್ಲ ದೂರಗಳೂ ಮಸೀದಿಯಿಂದ ಅಳೆದವು. ನಾನೂ ಹಿರಿಯ ಸರ್ವೇಯರರೂ ಅಳತೆಯ ಯಂತ್ರ ಹೊತ್ತು ಹೋಗಿ ಮಸೀದಿಯಿಂದ ಅಳೆದರೆ ತೋಟದ ಮೂಲೆ ಪಕ್ಕದವರ ಕುರಿದೊಡ್ಡಿಯೊಳಗೆ ಹೋಗುತ್ತಿತ್ತು. ಅಣ್ಣತಮ್ಮಂದಿರಲ್ಲಿ ಹಿರಿಯವನು ಚಹಾದ ಲೋಟ ಹಿಡಿದು ನಗುತ್ತ ನಿಂತಿದ್ದ.

"ಯಾವ ಮಸೀದಿಯಿಂದ ಅಳೀತಿದ್ದೀರಿ? ಇದು ಹೊಸದು. ಅಪ್ಪನ ಕಾಲದ ಮಸೀದಿ ಕಡಲ ಕಡೆಗಿತ್ತು. ರಸ್ತೆ ಬಂದಾಗ ಇಲ್ಲಿ ಕಟ್ಟಿದರು. ಹೆಸರು ಅದೇ, ಜಾಗ ಮಾತ್ರ ಬೇರೆ."

ನನ್ನ ಹಿರಿಯರು ಯಂತ್ರದಿಂದ ಕಣ್ಣು ತೆಗೆದು ನನ್ನತ್ತ ನೋಡಿದರು. ವಾಪಸು ಬರುವಾಗ ಕಾರಿನಲ್ಲಿ ನಾನೇ ಕೇಳಿದೆ, "ಸರ್, ಆ ಚರ್ಚೂ ಹಾಗೇ ಆಗಿದ್ರೆ?"

"ಅದನ್ನ ತೆಗೆದು ನೋಡು."

ತೆಗೆದೆ. ತೆಗೆದರೆ ಉಳಿಯುವುದು ಎರಡೇ ಗುರುತು, ಅಷ್ಟಕ್ಕೆ ನಕ್ಷೆ ನಿಲ್ಲುವುದಿಲ್ಲ. ಹಾಗಾಗಿ ಹರಿದ ತುಂಡಿನಲ್ಲಿಯೇ ಬೇರೆ ಆಧಾರ ಹುಡುಕಲು ಕೂತೆ. ಹೊಲಗಳ ಬೇಲಿಗಳು ಅಲ್ಲಿ ಸುಲಭಕ್ಕೆ ಕದಲುವುದಿಲ್ಲವಂತೆ. ಟೌನ್‌ಲ್ಯಾಂಡ್ ಎಂದು ಕರೆಯುವ, ನಮ್ಮ ಗ್ರಾಮಕ್ಕಿಂತ ಚಿಕ್ಕದಾದ ಹಳೆಯ ಭೂವಿಭಾಗಗಳ ಎಲ್ಲೆ ಒಡೆಯರು ಬರುವುದಕ್ಕೂ ಮೊದಲಿನದಂತೆ. ಮೂರು ಟೌನ್‌ಲ್ಯಾಂಡ್‌ಗಳು ಕೂಡುವ ಒಂದು ಮೂಲೆ ಸಿಕ್ಕಿತು. ಗಿರಣಿಗೆ ನೀರು ಒಯ್ಯುತ್ತಿದ್ದ ಕಾಲುವೆ ಹೊಳೆಯಿಂದ ಕವಲೊಡೆಯುವ ಜಾಗ ಸಿಕ್ಕಿತು. ಕಾಲುವೆ ಒಣಗಿದ್ದರೂ ಉಪಗ್ರಹ ಚಿತ್ರದಲ್ಲಿ ಹುಲ್ಲು ಅಲ್ಲಿ ಒಂದು ಛಾಯೆ ಗಾಢ. ಬೇಲಿಗಳ ಮೂಲೆಗಳನ್ನು ಒಂದೊಂದಾಗಿ ಸೇರಿಸಿದೆ. ಕೆಲವನ್ನು ಅನುಮಾನ ಬಂದು ಕಿತ್ತು ಹಾಕಿದೆ. ಕಣ್ಣು ಉರಿಯುತ್ತಿತ್ತು. ಮನೆಯಲ್ಲಿ ಮಗಳು, "ಅಮ್ಮಾ, ಆರ್ ಯು ಸ್ಟಿಲ್ ಇನ್ ಐರ್ಲೆಂಡ್?" ಎಂದು ಕೇಳಿ ನಗುತ್ತಿದ್ದಳು.

ಕೊನೆಗೆ ಹಾಳೆಯನ್ನು ಬಗ್ಗಿಸದೆ, ಬರೀ ತಿರುಗಿಸಿ ಹಿಗ್ಗಿಸಿ ಕೂರಿಸಿದೆ. ಸೊನ್ನೆ ಬರಲಿಲ್ಲ, ಬರಬಾರದಿತ್ತು ಕೂಡ. ಪ್ರತಿ ಗುರುತೂ ಒಂದೆರಡು ಮಾರು ಆಚೀಚೆ ತಪ್ಪುತ್ತ, ಆದರೆ ಎಲ್ಲವೂ ಒಂದೇ ಸಮನೆ ಹತ್ತಿರ ಬಂದವು. ಹರಿದ ತುಂಡು ಜಾರಿರಲೇ ಇಲ್ಲ. ಜಾಗ ಬದಲಿಸಿದ್ದು ಚರ್ಚು. ಚೌಕವೂ ಬೀದಿಯೂ ಇಲ್ಲದ ಕಾಲದ ನಕ್ಷೆಯಲ್ಲಿ ಬೀದಿಯ ತುದಿಯ ಚರ್ಚು ಇರಲು ಸಾಧ್ಯವಿಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಹಳೆಯ ಚರ್ಚು ಹೊಳೆಯ ದಂಡೆಯಲ್ಲಿತ್ತು, ಅದರ ಸುತ್ತ ಆ ಚುಕ್ಕಿಯ ಮನೆಗಳು. ಒಡೆಯ ಜೌಗಿನಲ್ಲಿ ಊರು ಹುಟ್ಟಿಸಿರಲಿಲ್ಲ. ಅಲ್ಲಿದ್ದ ಒಂದು ಊರನ್ನು ಎಬ್ಬಿಸಿ, ಚರ್ಚು ಸಮೇತ ತನ್ನ ಗೇಟಿನ ಎದುರಿಗೆ ತಂದು ಕೂರಿಸಿದ್ದ. ಹಳೇ ಚರ್ಚಿನ ಬದಿಗೆ ಎಂದು ಮುದುಕಿಯರು ಹೇಳಿದ್ದು ಅಕ್ಷರಶಃ ನಿಜ. ಕೇಳಿದವರು ಈಗಿನ ಚರ್ಚನ್ನೇ ಅಂದುಕೊಂಡಿದ್ದರು.

ಮಕ್ಕಳ ನೆಲ ಹೋಟೆಲಿನ ಜಾಗದಿಂದ ಹೊರಗೆ ಬಿತ್ತು. ಅದರ ಗಡಿಗೋಡೆಯ ಆಚೆ, ಒಂದು ಖಾಸಗಿ ಹೊಲದೊಳಗೆ. ಆ ಹೊಲ ಯಾರದೆಂದು ಇಂಜಿನಿಯರರೇ ಮೊದಲು ಕಳಿಸಿದ್ದ ಚಿತ್ರದಲ್ಲಿ ಬಣ್ಣ ಹಚ್ಚಿ ತೋರಿಸಿದ್ದರು. ಅವರ ತಮ್ಮನದು.

ಅವತ್ತು ಸಂಜೆ ಗಂಡ ಕರೆದುಕೊಂಡು ಹೋಗಲು ಬಂದಾಗ ಕಾರಿನಲ್ಲಿ ಹೇಳಿದೆ. ಅವರು ಪಕ್ಕದ ಊರು ಸೊಹಾರ್‌ನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ, ಎಲ್ಲದಕ್ಕೂ ಶಾಂತವಾಗಿ ಯೋಚಿಸುವವರು. "ಮೊದಲಿನದ್ದನ್ನೇ ಕೊಟ್ಟರೆ ಯಾರಿಗಾದರೂ ಗೊತ್ತಾಗ್ತದಾ?" ಅಂತ ಕೇಳಿದರು.

"ಯಾರಿಗೂ ಇಲ್ಲ. ಹೋಟೆಲ್ ನಿಲ್ತದೆ. ಅವರಿಗೆ ಬೇಕಾದ್ದೂ ಅದೇ."

"ಮತ್ತೆ?"

"ಆ ಮಕ್ಕಳು ಅಲ್ಲಿಲ್ಲ ಅಲ್ವಾ ಮಾರಾಯ್ರೆ."

ಬಾಯಿಂದ ಅದು ಹೊರಬಿದ್ದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ದುಕ್ಮ್‌ಗೆ ಫೋನ್ ಮಾಡಿ, ಕರಡು ತಪ್ಪಾಗಿದೆ, ಸಮಿತಿಗೆ ಕೊಡಬೇಡಿ ಅಂದೆ. ಫೋನಿನಲ್ಲಿ ವಿವರಿಸಲು ನನಗೆ ಮನಸ್ಸಿರಲಿಲ್ಲ. ಅವರಿಗೆ ಸೊಹಾರ್‌ನಲ್ಲಿ ಮೀಟಿಂಗ್ ಇತ್ತು. ದಾರಿಯಲ್ಲಿ ಬರುತ್ತೇನೆ ಅಂದರು.

ದಿನವಿಡೀ ಮರುಭೂಮಿಯ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದಿದ್ದ ಅವರ ಮುಖ ಕೆಂಪಾಗಿತ್ತು. ನನ್ನ ಕುರ್ಚಿಯಲ್ಲೇ ಅವರನ್ನು ಕೂರಿಸಿ ಎರಡೂ ನಕ್ಷೆಗಳನ್ನು ತೋರಿಸಿದೆ. ಯಾವ ಗುರುತು ಹಿಡಿದೆ, ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ಮೊದಲಿನಿಂದ ಹೇಳಿದೆ. ಹಿರಿಯ ಸರ್ವೇಯರರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಇಂಜಿನಿಯರ್ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಚರ್ಚಿನ ಗುರುತನ್ನು ತಾವೇ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ತಮ್ಮ ಅಲ್ಲಿ ಮಗಳಿಗೆ ಮನೆ ಕಟ್ಟಿಸುತ್ತಿದ್ದಾನೆ," ಅಂದರು. "ಸರಿಯಾಗಿ ಅದೇ ಜಾಗದಲ್ಲಿ. ಅನುಮತಿ ಸಿಕ್ಕಿದೆ. ಯಂತ್ರ ಬರುವುದೊಂದೇ ಬಾಕಿ."

ಅವರು ನಕ್ಷೆಯನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದರು.

"ಎರಡೂ ಸಾಧ್ಯತೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಬಹುದಲ್ಲ? ಇಲ್ಲಿರಬಹುದು ಅಥವಾ ಅಲ್ಲಿರಬಹುದು ಅಂತ?"

"ತೋರಿಸಬಹುದು ಸರ್. ಆದರೆ ನಾನು ಯಾವುದನ್ನು ನಂಬುತ್ತೇನೆ ಅಂತ ಪಕ್ಕದಲ್ಲಿ ಬರೆಯಬೇಕಾಗುತ್ತದೆ. ಬರೆಯದೆ ಕೊಡಲು ನನ್ನಿಂದ ಆಗುವುದಿಲ್ಲ."

ನನ್ನ ಧ್ವನಿ ನಾನಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂದಿತ್ತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ನೋಡಲು ಏನೂ ಇರಲಿಲ್ಲ, ಪರದೆ ಎಳೆದಿತ್ತು. ಆಮೇಲೆ ತಿರುಗಿ, "ಎಲ್ಲಿದೆಯೋ ಅಲ್ಲೇ ಬರೆಯಿರಿ. ಒಂದನ್ನೇ," ಅಂದರು. ಅಲ್ಲಿಂದಲೇ ತಮ್ಮನಿಗೆ ವಿಡಿಯೋ ಕರೆ ಮಾಡಿದರು. ಅಲ್ಲಿನ್ನೂ ಮಧ್ಯಾಹ್ನ.

ತಮ್ಮ ಟ್ರ್ಯಾಕ್ಟರಿನಿಂದ ಇಳಿದು ಮಾತಾಡುತ್ತಿದ್ದರು. ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ಹೋಟೆಲಿನವನ ಜಾಗದಲ್ಲಿದೆ ಅಂದಿರಿ. ಈಗ ನನ್ನ ಹೊಲದಲ್ಲಿ ಅಂತೀರಿ. ಮರಳುಗಾಡಲ್ಲಿ ಕೂತ ಯಾರೋ ನನ್ನ ಹೊಲದ ವಿಷಯ ನನಗೆ ಹೇಳಬೇಕಾ?"

"ಅವರು ಇಲ್ಲೇ ಇದ್ದಾರೆ. ನೀನೇ ಮಾತಾಡು," ಎಂದು ಇಂಜಿನಿಯರ್ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ವಾದ ಮಾಡುವುದು ನನಗೆ ಬರುವುದಿಲ್ಲ. "ಸರ್, ನೀವು ನಿಂತಿರುವ ಜಾಗವನ್ನು ಫೋನಿನಿಂದ ನನಗೆ ಕಳಿಸಿ. ನಾನು ಹೇಳಿದ ಕಡೆ ಸ್ವಲ್ಪ ನಡೆಯಿರಿ. ಅಲ್ಲಿ ಏನೂ ಇಲ್ಲದಿದ್ದರೆ ನಾನು ನಕ್ಷೆಯನ್ನು ಮತ್ತೆ ಮಾಡುತ್ತೇನೆ," ಅಂದೆ.

ಅವರು ನಡೆದರು. ಪರದೆಯಲ್ಲಿ ಒದ್ದೆ ಹುಲ್ಲು, ಬೂಟುಗಳು, ಮುಂದೆ ಓಡುವ ಒಂದು ಕಪ್ಪು ಬಿಳಿ ನಾಯಿ. ನಾನು ನಕ್ಷೆ ನೋಡುತ್ತ ಹೊಳೆಯ ಕಡೆಗೆ ಅಂದೆ, ಇನ್ನು ಸ್ವಲ್ಪ ಎಡಕ್ಕೆ ಅಂದೆ. ಒಂದು ಕಡೆ ಮುಳ್ಳಿನ ಗಿಡಗಳ ಗುಂಪು ಎದುರಾಯಿತು. ಸುತ್ತ ಎಲ್ಲ ಹಸನಾದ ಹೊಲ, ಅಲ್ಲಿ ಮಾತ್ರ ಪೊದೆ.

"ಈ ಪೊದೆಯ ಒಳಗಾ?"

"ಹೌದು ಸರ್. ಅಲ್ಲೇ."

ಅವರು ನಿಂತರು. ನಾಯಿ ಪೊದೆಯೊಳಗೆ ನುಗ್ಗಿತ್ತು. ಅವರು ಅದನ್ನು ಗದರಿಸಿ ಹೊರಗೆ ಕರೆದರು. ಆ ಗದರಿಕೆಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

"ಅಪ್ಪ ಇಲ್ಲಿ ನೇಗಿಲು ಹಾಕಲಿಲ್ಲ," ಅಂದರು ಆಮೇಲೆ, ಅಣ್ಣನಿಗೆ ಕೇಳುವ ಹಾಗೆ. "ಕೇಳಿದರೆ ಕಲ್ಲು ಜಾಸ್ತಿ ಅನ್ನುತ್ತಿದ್ದರು. ಹೇಗೂ ಉಳದ ಜಾಗ ಅಂತ ತಾನೇ ನಾನು ಮನೆಗೆ ಇದನ್ನೇ ಆರಿಸಿದ್ದು."

ಇಂಜಿನಿಯರ್ ನನ್ನ ಭುಜದ ಹಿಂದಿನಿಂದ ಪರದೆಯನ್ನು ನೋಡುತ್ತಿದ್ದರು. "ಅಪ್ಪನಿಗೆ ಗೊತ್ತಿತ್ತು," ಅಂದರು. ಅವರಪ್ಪನ ಒಡಹುಟ್ಟಿದ ಕೂಸು ಅದು ಎಂದು ನನಗೆ ಹೊಳೆದದ್ದು ಆಗ. ಫೋನನ್ನು ಅವರ ಕೈಗೆ ಕೊಟ್ಟು ನಾನೂ ಹಿರಿಯ ಸರ್ವೇಯರರೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಹಿರಿಯರು ಕರ್ಚೀಫಿನಿಂದ ಕನ್ನಡಕ ಒರೆಸುತ್ತಲೇ ಇದ್ದರು. "ಒಳ್ಳೇ ಕೆಲಸ ಆಯ್ತು ಕಣಮ್ಮ," ಅಂದರು.

ಸಮಿತಿಗೆ ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಕೆಲವರು ಇಂಜಿನಿಯರರ ಜೊತೆ ಮಾತು ಬಿಟ್ಟರಂತೆ. ಸಮಾಧಿಯ ಆಧಾರದ ಮೇಲಿನ ತಕರಾರನ್ನು ಅವರು ಹಿಂದಕ್ಕೆ ಪಡೆಯಬೇಕಾಯಿತು, ಹೋಟೆಲಿಗೆ ಅನುಮತಿ ಸಿಕ್ಕಿತು. ಇಂಜಿನಿಯರರ ತಮ್ಮ, ಮಗಳ ಮನೆಯ ಜಾಗವನ್ನು ಹೊಲದ ಇನ್ನೊಂದು ಬದಿಗೆ ಸರಿಸಿ, ಅನುಮತಿಗೆ ಮತ್ತೆ ಮೊದಲಿನಿಂದ ಅರ್ಜಿ ಹಾಕಿದರು. ಅಲ್ಲಿಯ ಪುರಾತತ್ವದವರು ಬಂದು, ಅಗೆಯದೆ, ನೆಲದೊಳಗಿನದನ್ನು ತೋರಿಸುವ ಯಂತ್ರವನ್ನು ಮೇಲೆ ಎಳೆದು ನೋಡಿ, ಹೊಳೆಯ ಬದಿಗೆ ಕಟ್ಟಡವೊಂದರ ಅಡಿಪಾಯವಿದೆ, ಪೊದೆಯ ಕೆಳಗೆ ಸಣ್ಣ ಸಣ್ಣ ಗುಂಡಿಗಳ ಗುರುತುಗಳಿವೆ ಎಂದು ಬರೆದುಕೊಟ್ಟರು. ಊರಿನ ಭವನದ ಗೋಡೆಗೆ ನಾನು ಮಾಡಿದ ನಕ್ಷೆಯ ದೊಡ್ಡ ಪ್ರತಿ ಹೋಯಿತು. ಅದರಲ್ಲಿ ಒಡೆಯನ ಭೂಮಿಯ ಎಲ್ಲೆ ಇದೆ, ಯಾವ ಹೊಲ ಯಾವ ಒಕ್ಕಲಿಗೆ ಹೋಯಿತೆಂಬುದಿದೆ. ಎಲ್ಲದರ ಕೆಳಗೆ, ಮೊದಲಿದ್ದ ಊರಿನ ಮನೆಗಳನ್ನು ಚುಕ್ಕಿಯಾಗಿ ಬಿಡದೆ ಒಂದೊಂದಾಗಿ ಬರೆದೆ.

ಕೆಲವು ತಿಂಗಳ ನಂತರ ತಮ್ಮನೇ ನೇರವಾಗಿ ನನಗೆ ಫೋನ್ ಮಾಡಿದರು. ಪೊದೆಯ ಸುತ್ತ ಕಲ್ಲಿನ ಗಿಡ್ಡ ಗೋಡೆ ಕಟ್ಟಿದ್ದೇನೆ, ಅದನ್ನು ನಕ್ಷೆಯಲ್ಲಿ ಸೇರಿಸಲು ಆಗುತ್ತದಾ ಎಂದು ಕೇಳಿದರು. ಅಲ್ಲಿಯ ಸರ್ವೇಯರ್ ಅಳೆದ ಮೂಲೆಗಳನ್ನು ಕಳಿಸಿಯೂ ಇದ್ದರು.

"ಆಗುತ್ತದೆ ಸರ್."

"ಒಂದು ಗೇಟನ್ನೂ ಬರೆಯಬೇಕು. ಮೊದಲು ಇಟ್ಟಿರಲಿಲ್ಲ. ಜನ ಬರುತ್ತಿದ್ದಾರೆ. ಮೊನ್ನೆ ತುಂಬ ವಯಸ್ಸಾದ ಹೆಂಗಸೊಬ್ಬರು ಗೋಡೆ ಹತ್ತಿ ಇಳಿಯಲು ನೋಡುತ್ತಿದ್ದರು. ತಮ್ಮದೂ ಒಂದು ಕೂಸು ಇಲ್ಲಿದೆ ಅಂತ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ."

"ಗೇಟು ಯಾವ ಕಡೆ ಸರ್? ನಿಮ್ಮ ಮನೆಯ ಕಡೆಯಾ?"

"ಅಲ್ಲ, ರಸ್ತೆಯ ಕಡೆ. ನನ್ನನ್ನು ಕೇಳದೆ ಒಳಗೆ ಬರುವ ಹಾಗೆ."

ರಸ್ತೆಯ ಕಡೆಯ ಗೆರೆಯನ್ನು ಒಂದಿಷ್ಟು ಅಳಿಸಿ, ಅಲ್ಲಿ ಒಂದು ಗೇಟು ಬರೆದೆ.